ಎಣಿಸಲು ಹೊರಟು ಇಣುಕಿದ್ದು

ನಾವು ಮೂವರು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯ ವಿನ್ಯಾಸ ವಿಭಾಗದವರು. ಬಟನ್‌ಗೆ ಯಾವ ಬಣ್ಣ, ಅಕ್ಷರ ಎಷ್ಟು ದೊಡ್ಡದಿರಬೇಕು, ಬಳಕೆದಾರ ತಪ್ಪಿದಾಗ ಯಾವ ಮಾತಿನಲ್ಲಿ ತಿಳಿಸಬೇಕು ಎಂಬ ನಿಯಮಗಳನ್ನೆಲ್ಲ ಬರೆದಿಟ್ಟ ವೆಬ್‌ಸೈಟೊಂದು ನಮ್ಮ ಹೊಣೆ. ಓದುಗರು ಸಂಸ್ಥೆಯೊಳಗಿನ ಐವತ್ತು ಅರವತ್ತು ಎಂಜಿನಿಯರುಗಳು. ಎರಡು ವರ್ಷ ಕೂತು ಬರೆದದ್ದನ್ನು ಯಾರಾದರೂ ಓದುತ್ತಾರೆಯೇ? ಊಟ ಬಡಿಸಿದವನಿಗೆ ತಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸುವ ಆಸೆ ಇದ್ದೇ ಇರುತ್ತದೆ. 2021ರಲ್ಲಿ ಗೂಗಲ್ ಅನಾಲಿಟಿಕ್ಸ್ ಹಾಕಿದೆವು.

ಅದೇನೂ ಕಷ್ಟದ ಕೆಲಸವಲ್ಲ. ಪ್ರತಿ ಪುಟದಲ್ಲೂ ನಾಲ್ಕಾರು ಸಾಲಿನ ಒಂದು ಸ್ಕ್ರಿಪ್ಟ್ ಸೇರಿಸಿದರಾಯಿತು. ಯಾರಾದರೂ ಪುಟ ತೆರೆದೊಡನೆ ಅದು ಸುದ್ದಿ ಮುಟ್ಟಿಸುತ್ತದೆ: ಯಾವ ಪುಟ, ಎಷ್ಟು ಹೊತ್ತಿಗೆ, ಯಾವ ಊರಿನಿಂದ, ಮೊಬೈಲೋ ಕಂಪ್ಯೂಟರೋ. ಬಂದವರೇ ಮತ್ತೆ ಬಂದರೆ ಗುರುತಿಸಲು ಅವರ ಬ್ರೌಸರಿನಲ್ಲೇ ಕುಕೀ ಎಂಬ ಚೀಟಿಯನ್ನೂ ಇಟ್ಟಿರುತ್ತದೆ.

ಮೊದಲ ತಿಂಗಳ ಲೆಕ್ಕ ನೋಡಿ ನಮ್ಮ ಮುಖ ಬಾಡಿತು. ಬಣ್ಣಗಳ ಪುಟಕ್ಕೆ ಬಂದ ಬಹುತೇಕರು ಅಲ್ಲಿ ಕಳೆದದ್ದು ಸೊನ್ನೆ ಸೆಕೆಂಡು! ಆಮೇಲೆ ತಿಳಿಯಿತು, ಆಗಿನ ಯೂನಿವರ್ಸಲ್ ಅನಾಲಿಟಿಕ್ಸ್ ಒಂದು ಪುಟ ತೆರೆದದ್ದಕ್ಕೂ ಮುಂದಿನ ಪುಟ ತೆರೆದದ್ದಕ್ಕೂ ನಡುವಿನ ಅಂತರವನ್ನು ಸಮಯವೆಂದು ಎಣಿಸುತ್ತಿತ್ತು. ಎರಡನೇ ಪುಟ ತೆರೆಯದಿದ್ದರೆ ಸೊನ್ನೆ. ಬೇಕಾದ ಬಣ್ಣದ ಸಂಖ್ಯೆ ಸಿಕ್ಕಿ ತೃಪ್ತನಾಗಿ ಹೋದವನು ಹೊಸ್ತಿಲಿಂದಲೇ ತಿರುಗಿದವನೆಂದು ದಾಖಲಾಗುತ್ತಿದ್ದ. ಆ ಆವೃತ್ತಿ 2023ರ ಜುಲೈ 1ಕ್ಕೆ ಲೆಕ್ಕ ನಿಲ್ಲಿಸಿತು. ಅದರ ಬದಲಿಗೆ ಬಂದದ್ದು ಪುಟ ಪರದೆಯ ಮೇಲೆ ಎದುರಿಗಿದ್ದ ಹೊತ್ತನ್ನು ಅಳೆಯುತ್ತದೆ. ಪುಟ ತೆರೆದಿಟ್ಟು ಚಹಾಕ್ಕೆ ಎದ್ದು ಹೋದವನೂ ಅಲ್ಲಿ ಶ್ರದ್ಧಾವಂತ ಓದುಗನೇ.

ನಿಜವಾಗಿ ನೆರವಾದದ್ದು ಹುಡುಕಾಟದ ಪೆಟ್ಟಿಗೆಯಲ್ಲಿ ಜನ ಬರೆದ ಪದಗಳು. ‘ಮೋಡಲ್’ ಎಂಬ ಹೆಸರಿನಲ್ಲಿ ನಾವು ದೊಡ್ಡ ಅಧ್ಯಾಯವನ್ನೇ ಬರೆದಿದ್ದೆವು. ಅವರು ‘ಪಾಪ್‌ಅಪ್’ ಎಂದು ಹುಡುಕಿ ಬರಿಗೈಲಿ ಮರಳುತ್ತಿದ್ದರು. ಓದುವುದಿಲ್ಲ ಎಂದು ದೂರುತ್ತಿದ್ದ ನಮಗೆ ಸ್ವಲ್ಪ ನಾಚಿಕೆಯಾಯಿತು.

ಈ ನಡುವೆ ಮೇಲಧಿಕಾರಿಗಳು ಒಂದು ಪ್ರಶ್ನೆ ಕಳಿಸಿದರು: ‘ಯಾವ ತಂಡ ಓದುತ್ತಿಲ್ಲ?’ ಉತ್ತರ ಹುಡುಕಲು ಊರು, ಗಂಟೆಗಳ ಪಟ್ಟಿ ತೆರೆದೆವು. ಒಂದು ವಾರವಿಡೀ ರಾತ್ರಿ ಎರಡರ ಹೊತ್ತಿಗೆ ಹುಬ್ಬಳ್ಳಿಯಿಂದ ಯಾರೋ ಪುಟಗಳನ್ನು ತೆರೆಯುತ್ತಿದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಕೂತು ಕೆಲಸ ಮಾಡುವವರು ನಮ್ಮಲ್ಲಿ ಒಬ್ಬರೇ.

ಮರುದಿನದ ಮೀಟಿಂಗಿನಲ್ಲಿ ನಮ್ಮಲ್ಲೊಬ್ಬ ತಮಾಷೆಗೆ, ‘ಏನ್ ಸರ್, ರಾತ್ರಿ ನಿದ್ದೆ ಮಾಡೋದಿಲ್ವಾ?’ ಎಂದುಬಿಟ್ಟ. ಅವರು ನಗಲಿಲ್ಲ. ಸಂಜೆ ಫೋನ್ ಮಾಡಿದರು. ತಾಯಿ ಆಸ್ಪತ್ರೆಯಲ್ಲಿದ್ದರು, ಹಗಲು ಓಡಾಟ, ರಾತ್ರಿ ಮಂಚದ ಪಕ್ಕ ಕೂತು ಕೆಲಸ. ಕೆಲಸಕ್ಕೆ ಕುತ್ತು ಬಂದೀತೆಂದು ಯಾರಿಗೂ ಹೇಳಿರಲಿಲ್ಲ. ‘ನಿಮಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದರು. ನಮಗೆ ಬಾಯಿ ಬರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದಾಗ, ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂದು ಹೆಮ್ಮೆಪಟ್ಟವರು ನಾವೇ. ಸರಕಾರ ಇಣುಕಬಾರದು ಎಂದಷ್ಟೇ ಅದನ್ನು ಓದಿಕೊಂಡಿದ್ದೆವೋ ಏನೋ.

ಊರಿನ ದಾಖಲೆಯನ್ನು ನಿಲ್ಲಿಸಿದೆವು. ಹುಡುಕಾಟದ ಪದಗಳನ್ನು ಉಳಿಸಿಕೊಂಡು, ಏನೇನು ದಾಖಲಾಗುತ್ತದೆ ಎಂಬುದನ್ನು ಪ್ರತಿ ಪುಟದ ಕೆಳಗೆ ಎರಡು ಸಾಲಿನಲ್ಲಿ ಬರೆದೆವು. ಹುಬ್ಬಳ್ಳಿಯವರಿಗೆ ಮೊದಲು ತಿಳಿಸಿ ಕ್ಷಮೆ ಕೇಳಿದೆವು. ‘ಆಯ್ತು’ ಎಂದರು, ಅಷ್ಟೇ.

ಮೇಲಧಿಕಾರಿಗಳ ಪ್ರಶ್ನೆ ಇನ್ನೂ ನಮ್ಮ ಇಮೇಲಿನಲ್ಲಿದೆ.