ಕಡಮತ್ತಿನ ಕಡಲಲ್ಲಿ ಕಾಲೂರದೆ

ಲಕ್ಷದ್ವೀಪದ ಕಡಮತ್‌ನಲ್ಲಿ ಕಡಲಿಗಿಳಿದಾಗ ಮೊದಲು ಸೋತದ್ದು ಮೀಸೆಯಿಂದ. ಮುಖವಾಡದ ರಬ್ಬರು ಅದರ ಮೇಲೆ ಸರಿಯಾಗಿ ಕೂರದೆ ಉಪ್ಪುನೀರು ಸೀದಾ ಮೂಗಿಗೆ ನುಗ್ಗಿತು. ಜತೆಗೆ ಬಂದಿದ್ದ ದ್ವೀಪದ ಹುಡುಗ ನಕ್ಕು, ನನ್ನ ಮೀಸೆಗೆ ವ್ಯಾಸಲೀನು ಮೆತ್ತಿದ. ಗಾಜಿನ ಒಳಮೈಗೆ ಉಗುಳಿ ಉಜ್ಜಿ ತೊಳೆದುಕೊಳ್ಳಲು ಹೇಳಿದ. ಹಾಗೆ ಮಾಡಿದರೆ ಮಂಜು ಕಟ್ಟುವುದಿಲ್ಲ. ಆಮೇಲೆ ಅರೆ ಹಿಂದಿ, ಅರೆ ಮಲಯಾಳದಲ್ಲಿ ಒಂದೇ ಕಟ್ಟಪ್ಪಣೆ: ಎಲ್ಲೂ ಕಾಲೂರಬೇಡಿ. ಎದೆಮಟ್ಟದ ನೀರಲ್ಲಿ ಕಾಲೂರದೆ ಇರುವುದು ಹೇಗಪ್ಪಾ ಅಂದುಕೊಳ್ಳುತ್ತಲೇ ಮುಖ ಮುಳುಗಿಸಿದೆ.

ಕಣ್ಣಿಗಿಂತ ಮುಂಚೆ ಬೆರಗಾದದ್ದು ಕಿವಿ. ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಸುತ್ತಲೂ ಚಟಪಟ, ಚಟಪಟ! ಹವಳದ ಸಂದಿಗಳಲ್ಲಿ ಅಡಗಿದ ಪುಟ್ಟ ಸಿಗಡಿಗಳು ಕೊಂಡಿಯಲ್ಲಿ ಚಿಟಿಕೆ ಹೊಡೆಯುವ ಸದ್ದದು. ನಡುನಡುವೆ ಕರುಂ ಕರುಂ ಎಂದು ಚಕ್ಕುಲಿ ಕಡಿದ ಶಬ್ದ. ನೋಡಿದರೆ ಹಸಿರು-ನೀಲಿ ಮೈಯ ಗಿಳಿಮೀನು, ಕೊಕ್ಕಿನಂಥ ಬಾಯಲ್ಲಿ ಹವಳದ ಮೈ ಕೆರೆಯುತ್ತಿತ್ತು. ಕೆರೆಯಿತು, ತಿರುಗಿತು, ಹಿಂದಿನಿಂದ ಬಿಳಿ ಪುಡಿಯ ಮೋಡವೊಂದನ್ನು ಬಿಟ್ಟು ಹೋಯಿತು. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಓಡಾಡಿ ನಾನು ಹಾಡಿ ಹೊಗಳಿದ್ದ ಬೆಳ್ಳನೆಯ ದಂಡೆಯಲ್ಲಿ ಎಷ್ಟೋ ಪಾಲು ಇದರ ಹೊಟ್ಟೆಯಿಂದ ಬಂದದ್ದು! ಉದ್ದ ಸುಮಾರು 9 ಕಿ.ಮೀ., ಅಗಲ ಅರ್ಧ ಕಿ.ಮೀ. ಆಸುಪಾಸಿನ ಈ ನೆಲವೆಲ್ಲ ಹವಳ ಕಟ್ಟಿದ್ದು, ಮೀನು ಅರೆದದ್ದು.

ಕಲ್ಲಿನಂತೆ ಕಂಡರೂ ಹವಳವೆಂದರೆ ಸಾವಿರಾರು ಪುಟಾಣಿ ಪ್ರಾಣಿಗಳ ವಠಾರ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಬಿಡಾರ ಹೂಡಿರುತ್ತದೆ; ಬಿಸಿಲಲ್ಲಿ ಅಡುಗೆ ಮಾಡಿ, ಬಾಡಿಗೆಯ ಬದಲು ಊಟ ಕೊಡುತ್ತದೆ. ಬಣ್ಣವೂ ಹೆಚ್ಚಾಗಿ ಅದರದ್ದೇ. ಕಡಲು ಕೆಲವು ವಾರ ಒಂದು ಡಿಗ್ರಿಯಷ್ಟು ಹೆಚ್ಚು ಕಾದರೆ ಸಾಕು, ಹವಳ ಪಾಚಿಯನ್ನು ಹೊರಹಾಕುತ್ತದೆ. ಬಿಳಿಚಿಕೊಂಡು ಹಸಿವಿನಲ್ಲಿ ಕೂರುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಸ್ವಲ್ಪ ಮುಂದೆ ಈಜಿದಾಗ ಅದೂ ಕಂಡಿತು: ಜಿಂಕೆಕೊಂಬಿನ ಆಕಾರದ ಹವಳಗಳು ಮುರಿದು, ಬೂದುಬಣ್ಣಕ್ಕೆ ತಿರುಗಿ, ಮಳೆಗೆ ನೆನೆದ ಸೌದೆಯ ಹಾಗೆ ಬಿದ್ದಿದ್ದವು. ಮೀನಿಲ್ಲ. ಸಾಸಿವೆಯ ಸದ್ದೂ ಅಲ್ಲಿ ತೆಳ್ಳಗಾಗಿತ್ತು.

ಅದರಾಚೆ, ಆಳಕ್ಕೆ ಇಳಿಯುವ ಅಂಚಿನಲ್ಲಿ, ನನ್ನೆತ್ತರದ ಗುಡ್ಡೆ ಹವಳವೊಂದು ಸುಮ್ಮನೆ ಕೂತಿತ್ತು. ಬದುಕಿತ್ತು. ಇಂಥವು ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನೀರಲ್ಲಿ ತೇಲುತ್ತಲೇ ಲೆಕ್ಕ ಹಾಕಿದೆ: ನೂರೈವತ್ತು ವರ್ಷವಾದರೂ ಆಗಿರಬೇಕು. ಇದು ಮೊಳೆತಾಗ ಕಡಮತ್ ನಮ್ಮ ಮಂಗಳೂರಿಗೆ ಸೇರಿತ್ತು! ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿಗೆ ಹೋಗಿ, 1956ರವರೆಗೂ ದಕ್ಷಿಣ ಕನ್ನಡದ ಆಡಳಿತದಲ್ಲೇ ಇದ್ದವು. ಹಾಯಿಯ ಓಡಗಳಲ್ಲಿ ತೆಂಗಿನ ನಾರಿನ ಹುರಿ ಮಂಗಳೂರಿಗೆ ಹೋಗುತ್ತಿತ್ತು, ಅಕ್ಕಿ ಇಲ್ಲಿಗೆ ಬರುತ್ತಿತ್ತು. ಸಂಜೆ ಚಹಾದಂಗಡಿಯ ಮುದುಕರೊಬ್ಬರು ನನ್ನ ಊರು ಕೇಳಿ, “ಓ, ಮಂಗಳೂರಾ?” ಎಂದು ನೆಂಟರ ಮನೆಯವನೇ ಬಂದ ಹಾಗೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಚಹಾದ ದುಡ್ಡು ಕೊಡಲು ಬಿಡಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ಟಿಗೆ ಮುಂಚಿತವಾಗಿ ಅರ್ಜಿ ಹಾಕಿ. ನೆನಪಿಗೆಂದು ಹವಳದ ಚೂರು ಜೇಬಿಗಿಳಿಸಬೇಡಿ, ಸತ್ತದ್ದಾದರೂ ಅಪರಾಧವೇ. ಮೀಸೆಯಿದ್ದರೆ ವ್ಯಾಸಲೀನು ಇಟ್ಟುಕೊಳ್ಳಿ. ಕಾಲು ಮಾತ್ರ ಎಲ್ಲೂ ಊರಬೇಡಿ.