ಪಂಕ್ತಿಯ ಇನ್ನೊಂದು ಬದಿ

ನಿವೃತ್ತಿಯಾದ ಮೇಲೆ ಒಮ್ಮೆಯಾದರೂ ಪರದೇಶವನ್ನು ಕಾಣಬೇಕೆಂಬ ಆಸೆ ನಮ್ಮಿಬ್ಬರಿಗೂ ಇತ್ತು. ಪ್ರವಾಸ ಸಂಸ್ಥೆಗಳು ಕೇಳುವ ಹಣ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ. ಆದುದರಿಂದ 2023ರ ಮೇ ತಿಂಗಳ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ತಲಾ ಒಂದೊಂದು ಚೀಲ ಹಿಡಿದು ಶ್ರೀಲಂಕೆಗೆ ಹೊರಟೆವು. ಸಂಚಾರಕ್ಕೆ ಸಾಮಾನ್ಯ ಬಸ್ಸು, ವಸತಿಗೆ ಗೃಹಸ್ಥರು ಬಾಡಿಗೆಗೆ ಕೊಡುವ ಕೋಣೆ. ಇಷ್ಟೇ ನಮ್ಮ ವ್ಯವಸ್ಥೆ.

ಇಷ್ಟಲಿಂಗ ಪೂಜೆ ಒಂದು ದಿನವೂ ತಪ್ಪಲಿಲ್ಲ. ಒಂದು ಲೋಟ ನೀರು, ಕುಳಿತುಕೊಳ್ಳುವಷ್ಟು ಜಾಗ ಇದ್ದರೆ ಸಾಕಾಗಿತ್ತು. ಊಟದ್ದು ಮಾತ್ರ ತೊಡಕಾಯಿತು. ಅಲ್ಲಿಯ 'ಪೊಲ್ ಸಂಬೋಲ' ನೋಡಲು ನಮ್ಮ ಕಾಯಿಚಟ್ನಿಯಂತೆಯೇ ಇದ್ದರೂ ಅದಕ್ಕೆ ಒಣಮೀನಿನ ಪುಡಿ ಬೆರೆಸುವ ರೂಢಿಯುಂಟು. ನಮ್ಮ ಸಂಕಟವನ್ನರಿತ ಮನೆಯೊಡತಿ 'ಮಸ್ ಮಾಳು ಎಪಾ' ಎಂಬ ಮೂರು ಪದಗಳನ್ನು ಕಲಿಸಿದರು. ಮಾಂಸ, ಮೀನು ಬೇಡ ಎಂದು ಅದರ ಅರ್ಥ. ಆ ಮೂರು ಪದಗಳೇ ನಮ್ಮನ್ನು ಕಾಪಾಡಿದವು.

ಜೂನ್ ಹುಣ್ಣಿಮೆಯನ್ನು ಅಲ್ಲಿ 'ಪೊಸೊನ್' ಎನ್ನುತ್ತಾರೆ. ಅಶೋಕ ಚಕ್ರವರ್ತಿಯ ಮಗ ಮಹೇಂದ್ರನು ಆ ದ್ವೀಪಕ್ಕೆ ಬೌದ್ಧಧರ್ಮವನ್ನು ತಂದನೆಂದು ನೆನೆಯುವ ದಿನವದು. ಅಂದು ಅನುರಾಧಪುರದಿಂದ ಮಿಹಿಂತಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ದಾರಿಯಲ್ಲಿ ಯುವಕರು ಬಾವುಟ ಬೀಸಿ ಬಸ್ಸನ್ನು ನಿಲ್ಲಿಸಿದರು. ರಸ್ತೆಯ ಪಕ್ಕದಲ್ಲಿ 'ದನ್ಸಲ', ಎಂದರೆ ದಾನಶಾಲೆ. ಬಂದವರಿಗೆಲ್ಲ ಉಚಿತ ಅನ್ನ. ಎಲ್ಲರೂ ಇಳಿದು ಸಾಲಿನಲ್ಲಿ ನಿಂತರು. ನಾನು ಮಾತ್ರ ಕುಳಿತೇ ಇದ್ದೆ.

"ಬಿಟ್ಟಿ ಊಟಕ್ಕೆ ನಾವೇಕೆ ನಿಲ್ಲಬೇಕು?" ಎಂದೆ.

"ಮಠದ ದಾಸೋಹದಲ್ಲಿ ಇಪ್ಪತ್ತು ವರ್ಷ ಬಡಿಸಿದ್ದೀರಿ. ಅಲ್ಲಿ ಉಂಡವರದೂ ಬಿಟ್ಟಿ ಊಟವೇ ಏನ್ರೀ?" ಎಂದು ಕೇಳಿ ಆಕೆ ಇಳಿದುಹೋದಳು.

ನನಗೆ ಉತ್ತರ ತೋಚಲಿಲ್ಲ. ಒಮ್ಮೆ ಜಾತ್ರೆಯ ದಿನ ಎರಡನೆಯ ಸಲ ಪಂಕ್ತಿಗೆ ಬಂದ ಮುದುಕನೊಬ್ಬನನ್ನು ನಾನು ಗದರಿಸಿ ಎಬ್ಬಿಸಿದ್ದೆ. ಆತನ ಬಾಗಿದ ತಲೆ ಕಣ್ಣಮುಂದೆ ಬಂದಿತು. ನಾನು ಮಾಡಿದ್ದು ದಾಸೋಹವಾಗಿರಲಿಲ್ಲ. ಕೊಡುವವನು ನಾನೆಂಬ ಅಹಂಕಾರ ಅದರಲ್ಲಿತ್ತು. ದಾನಿಗೂ ದಾಸನಿಗೂ ಇರುವ ಅಂತರವನ್ನೇ ನಾನು ಮರೆತಿದ್ದೆ.

ಇಳಿದು ಸಾಲಿನ ಕೊನೆಯಲ್ಲಿ ನಿಂತೆ. ಅನ್ನ, ಬೇಳೆಸಾರು, ಎಳೆ ಹಲಸಿನ ಪಲ್ಯ. ನನ್ನ ಮೂರು ಪದಗಳನ್ನು ಕೇಳಿದ ಹುಡುಗನು ನಕ್ಕು, ಅಂದಿನ ಅಡುಗೆಯಲ್ಲಿ ಅವೆರಡೂ ಇಲ್ಲವೆಂದು ಕೈಸನ್ನೆ ಮಾಡಿದನು. ಲಿಂಗಕ್ಕೆ ಅರ್ಪಿಸಿ ಉಂಡೆವು. 2022ರ ಆರ್ಥಿಕ ಕುಸಿತದಲ್ಲಿ ಪೆಟ್ರೋಲಿಗೂ ಅಡುಗೆ ಅನಿಲಕ್ಕೂ ದಿನಗಟ್ಟಲೆ ಸಾಲು ನಿಂತಿದ್ದ ಜನರವರು. ಮರುವರ್ಷವೇ ಪರದೇಶಿಗಳಾದ ನಮಗೂ ಕರೆದು ಬಡಿಸಿದರು.

ಮಿಹಿಂತಲೆಯ ಬೆಟ್ಟದಲ್ಲಿ ಪ್ರಾಚೀನ ಭೋಜನಶಾಲೆಯ ಅವಶೇಷವಿದೆ. ಭಿಕ್ಷುಗಳಿಗಾಗಿ ಅನ್ನ ತುಂಬಿಡುತ್ತಿದ್ದ ಉದ್ದನೆಯ ಕಲ್ಲಿನ ದೋಣಿ ಇಂದಿಗೂ ಉಳಿದಿದೆ. ಸಮೀಪದಲ್ಲಿಯೇ ನಾಲ್ಕನೆಯ ಮಹಿಂದನೆಂಬ ಅರಸನು 10ನೆಯ ಶತಮಾನದಲ್ಲಿ ನಿಲ್ಲಿಸಿದ ಶಾಸನಗಳಿವೆ. ವಿಹಾರದ ಸೇವಕರ ಕೆಲಸಗಳನ್ನೂ ಅವಕ್ಕೆ ಸಲ್ಲಬೇಕಾದ ಪ್ರತಿಫಲವನ್ನೂ ಅವು ವಿವರಿಸುತ್ತವೆ. ಕಾಯಕ ದಾಸೋಹಗಳನ್ನು ಕೇಳುತ್ತ ಬೆಳೆದ ನಮಗೆ ಆ ಕಲ್ಲುಗಳು ಪರಕೀಯವೆನಿಸಲಿಲ್ಲ.

ಊರಿಗೆ ಮರಳಿದ ಮೇಲೆ ಆ ಮುದುಕನನ್ನು ಹುಡುಕಿದೆ, ಸಿಗಲಿಲ್ಲ. ಈಗಲೂ ಮಠದಲ್ಲಿ ಬಡಿಸುತ್ತೇನೆ. ಆದರೆ ಮೊದಲು ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಅನಂತರವೇ ಸೌಟು ಹಿಡಿಯುತ್ತೇನೆ.