ಝುವಾರಿನಗರದ ಉಗ್ರಾಣವೂ ಮರುಭೂಮಿಯ ಇಲಿಯೂ

ಗೋವಾದ ವಾಸ್ಕೋ ಬಂದರಿಗೂ ಝುವಾರಿ ನದಿಗೂ ನಡುವೆ, ಕೆಂಪು ಮುರಕಲ್ಲಿನ ಎತ್ತರದ ನೆಲದಲ್ಲಿ ಝುವಾರಿನಗರವಿದೆ. 1970ರ ದಶಕದಲ್ಲಿ ಬಿರ್ಲಾ ಮನೆತನದವರ ರಸಗೊಬ್ಬರ ಕಾರ್ಖಾನೆ ಬಂದ ಮೇಲೆ ಬೆಳೆದ ಊರಿದು. ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆಸಿದವರು ಇಲ್ಲಿ ಬಹಳ. ಪೇಟೆಯಲ್ಲಿ ನಡೆದರೆ ಕನ್ನಡ ಕಿವಿಗೆ ಬೀಳುತ್ತದೆ. 2004ರಲ್ಲಿ ರಾಜಸ್ಥಾನದ ಪಿಲಾನಿಯ ಬಿಟ್ಸ್ ಸಂಸ್ಥೆಯೂ ಇಲ್ಲಿ ವಿದ್ಯಾಲಯ ತೆರೆಯಿತು. ಹೀಗೆ ಬಯಲುಸೀಮೆಯವರೂ ಮರುನಾಡಿನವರೂ ಕಡಲತೀರದಲ್ಲಿ ನೆರೆಹೊರೆಯಾಗಿದ್ದಾರೆ.

ನಾವು ಇಲ್ಲಿಗೆ ಹೋದಾಗ ಕಿರಾಣಿ ವ್ಯಾಪಾರದ ಬಂಧುಗಳ ಮನೆಯಲ್ಲಿ ಇಳಿದಿದ್ದೆವು. ಮಾತು ಉಗ್ರಾಣದ ಇಲಿಗಳ ಕಡೆ ಹೊರಳಿತು. ಮಾರವಾಡ ಮೂಲದ ಹಿರಿಯರೊಬ್ಬರು, "ನಮ್ಮ ಕಡೆಯ ಇಲಿ ಹಾಡುಹಗಲೇ ಮರಳಿನಲ್ಲಿ ಓಡಾಡುತ್ತದೆ" ಎಂದರು. ಹುಡುಗರು ನಕ್ಕರು. ಆದರೆ ಹಿರಿಯರ ಮಾತು ದಿಟ.

ಅದು ಥಾರ್ ಮರುಭೂಮಿಯ ಇಲಿ. ಶಾಸ್ತ್ರೀಯ ಹೆಸರು ಮೆರಿಯೋನಿಸ್ ಹುರಿಯಾನೆ. 1867ರಲ್ಲಿ ಜರ್ಡನ್ ಎಂಬ ಆಂಗ್ಲ ವಿದ್ವಾಂಸರು ಇದನ್ನು ವರ್ಣಿಸಿದರು. ಹೆಸರಿನಲ್ಲಿ ಹರಿಯಾಣ ಅಡಗಿದೆ. ರಾಜಸ್ಥಾನ, ಗುಜರಾತ್, ಹರಿಯಾಣಗಳ ಒಣನೆಲದಿಂದ ಪಾಕಿಸ್ತಾನವನ್ನು ದಾಟಿ ಇರಾನಿನ ಆಗ್ನೇಯ ಭಾಗದವರೆಗೆ ಇದರ ವಾಸ. ಮೈ ಗೇಣುದ್ದಕ್ಕೂ ಕಡಿಮೆ. ಬಣ್ಣ ಮರಳಿನದೇ, ಹದ್ದಿನ ಕಣ್ಣಿಗೆ ಸುಲಭವಾಗಿ ಬೀಳದು. ಕಿವಿ ಚಿಕ್ಕದು, ಉಗುರು ನೀಳ, ಬಾಲದ ತುದಿಯಲ್ಲಿ ಕಪ್ಪು ಕೂದಲ ಕುಚ್ಚು. ಗುಂಪಾಗಿ ಬಿಲ ತೋಡಿ ಬಾಳುತ್ತದೆ. ಬೀಜ, ಬೇರು, ಹಸಿ ಕಾಂಡಗಳಲ್ಲಿರುವ ತೇವದಿಂದಲೇ ಬಹುಪಾಲು ನೀರಡಿಕೆ ತೀರಿಸಿಕೊಳ್ಳುತ್ತದೆ.

ಇದರ ಹತ್ತಿರದ ಬಂಧು ನಮ್ಮ ವಿಜಾಪುರ, ರಾಯಚೂರು ಕಡೆಯ ಹೊಲಗಳಲ್ಲಿಯೂ ಉಂಟು. ಟಟೇರಾ ಇಂಡಿಕಾ ಎಂಬ ಅದು ಪಶ್ಚಿಮ ಏಷ್ಯಾದಿಂದ ಶ್ರೀಲಂಕೆಯವರೆಗೆ ಹರಡಿದೆ. ಹೊಟ್ಟೆ ಅಚ್ಚ ಬಿಳುಪು, ಕಣ್ಣು ದೊಡ್ಡವು, ಬಾಲ ಮೈಗಿಂತ ಉದ್ದ. ಮರುಭೂಮಿಯ ಇಲಿ ಹಗಲಿನ ಜೀವಿಯಾದರೆ ಇದು ರಾತ್ರಿಯದು. ಹಿಂಗಾಲಿನ ಬಲದಿಂದ ಜಿಗಿಯುತ್ತದೆ.

ಜೈಸಲ್ಮೇರಿನಲ್ಲಿ ವರ್ಷದ ಮಳೆ 200 ಮಿ.ಮೀ. ಆಸುಪಾಸು, ಗೋವಾದಲ್ಲಿ 3000 ಮಿ.ಮೀ. ಸಮೀಪ. ಮರಳಿನಲ್ಲಿ ಸಲೀಸಾಗಿ ಬಿಲ ತೋಡುವ ಜೀವಿಗೆ ಈ ಮುರಕಲ್ಲಿನಲ್ಲಿ, ಈ ಮಳೆಯಲ್ಲಿ ಬಾಳುವೆಯಿಲ್ಲ. ಹಾಗಾಗಿ ಝುವಾರಿನಗರದ ಉಗ್ರಾಣಕ್ಕೆ ನುಗ್ಗುವುದು ಮನೆಯಿಲಿ ಮತ್ತು ಹೆಗ್ಗಣ. ಮನುಷ್ಯರ ಕಾಳು, ಕಸ, ಚರಂಡಿಗಳೇ ಅವುಗಳಿಗೆ ಆಸರೆ.

ಧಾನ್ಯ ವ್ಯಾಪಾರಿಗಳಾದ ನಮಗೆ ಇದರಲ್ಲಿ ಪಾಠವಿದೆ. ವಿಷವಿಟ್ಟರೆ ಇಲಿಯೊಂದೇ ಸಾಯುವುದಿಲ್ಲ. ಅದನ್ನು ತಿಂದ ಗೂಬೆ, ಬೆಕ್ಕುಗಳಿಗೂ ಅಪಾಯ. ಬಾಗಿಲಡಿಯ ಸಂದು ಮುಚ್ಚಿ, ಮೂಟೆಗಳನ್ನು ಹಲಗೆಯ ಮೇಲೆ ಗೋಡೆಯಿಂದ ದೂರವಿಟ್ಟು, ಚೆಲ್ಲಿದ ಕಾಳನ್ನು ಅಂದಂದೇ ಗುಡಿಸಿದರೆ ಅರ್ಧ ಕೆಲಸ ಮುಗಿದಂತೆ. ಅಹಿಂಸೆಯನ್ನು ನಂಬಿದ ಮನೆಗೆ ಪೊರಕೆಯೇ ಮೊದಲ ಸಾಧನ. ಕಾಳೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.